ಕತ್ತು ಹಿಡಿದ ದಿನ

ಬೆಳಿಗ್ಗೆ ಎದ್ದಾಗ ಕತ್ತು ಹಿಡಿದುಕೊಂಡಿತ್ತು. ಬಲಕ್ಕೆ ತಿರುಗಿಸಿದರೆ ನೋವು ಭುಜದವರೆಗೂ ಇಳಿಯುತ್ತಿತ್ತು, ತಗ್ಗಿಸಿದರೆ ಬೆನ್ನಿನಲ್ಲಿ ಚಳುಕು. ದಿಂಬು ಸರಿಯಿಲ್ಲ ಎಂದು ಗಂಡ ಹೇಳಿದ. ಅವನು ಹಲ್ಲಿನ ಡಾಕ್ಟರು. ಕುತ್ತಿಗೆ ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂಬಂತೆ ಎರಡೇ ಬೆರಳಲ್ಲಿ ಮುಲಾಮು ಸವರಿ ಕೈ ತೊಳೆದುಕೊಳ್ಳಲು ಹೋದ. ವರ್ಷವಿಡೀ ಬಲಕ್ಕೆ ತಿರುಗಿ ತಲೆಯಾಡಿಸಿದ ಕತ್ತು ಇನ್ನೇನು ಮಾಡೀತು ಎಂದು ಅವಳಿಗೇ ಅನ್ನಿಸಿತು. ಅನ್ನಿಸಿದ್ದೇ ತಡ, ಯಾರಾದರೂ ಕೇಳಿಸಿಕೊಂಡರೇನೋ ಎಂದು ನಲ್ಲಿಯನ್ನು ಜೋರಾಗಿ ತಿರುಗಿಸಿದಳು.

ಅವಳು ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶೆ. ಪೀಠದಲ್ಲಿ ಇಬ್ಬರು ಕೂರುತ್ತಾರೆ, ಬಲಗಡೆ ಹಿರಿಯರು, ಎಡಗಡೆ ಅವಳು. ವಾದವೆಲ್ಲ ಮುಗಿದ ಮೇಲೆ ಹಿರಿಯರು ಅಲ್ಲೇ, ತುಂಬಿದ ಕೋರ್ಟಿನಲ್ಲೇ, ಕೆಳಗೆ ಕುಳಿತ ಸ್ಟೆನೋಗೆ ತೀರ್ಪು ಹೇಳಿ ಬರೆಸುತ್ತಾರೆ. ಕೊನೆಯ ಸಾಲಿಗೆ ಬಂದಾಗ ಒಮ್ಮೆ ಅವಳ ಕಡೆ ವಾಲಿ ಏನೋ ಪಿಸುಗುಟ್ಟುತ್ತಾರೆ, ಅವಳು ತಲೆಯಾಡಿಸುತ್ತಾಳೆ, ಅಷ್ಟಾದರೆ ಅದು ಇಬ್ಬರ ತೀರ್ಪು. ಮೊದಮೊದಲು ಆ ಪಿಸುಮಾತಿಗೆ ಎದೆ ಉಬ್ಬುತ್ತಿತ್ತು. ಇಷ್ಟು ದೊಡ್ಡ ಮನುಷ್ಯರು ನನ್ನ ಅಭಿಪ್ರಾಯ ಕೇಳುತ್ತಿದ್ದಾರೆ ಎಂದುಕೊಳ್ಳುತ್ತಿದ್ದಳು. ಅವರು ಅಭಿಪ್ರಾಯ ಕೇಳುತ್ತಿಲ್ಲ, ತಿಳಿಸುತ್ತಿದ್ದಾರೆ ಎಂದು ಅರ್ಥವಾಗುವಷ್ಟರಲ್ಲಿ ಕತ್ತಿಗೆ ರೂಢಿಯಾಗಿಹೋಗಿತ್ತು. ಅವಳ ಕುರ್ಚಿ ಹಿರಿಯರದಕ್ಕಿಂತ ಒಂದು ಗೇಣು ತಗ್ಗು. ಮೇಜಿನ ಮೇಲೆ ಮೊಣಕೈ ಊರಿದರೆ ಭುಜ ಕಿವಿಗೆ ಬರುತ್ತದೆಂದು ಒಮ್ಮೆ ಕಚೇರಿಯವರಿಗೆ ಹೇಳಿದ್ದಳು. ಹಿರಿಯರ ಕುರ್ಚಿಗೆ ಸಮ ಮಾಡುವ ಹಾಗಿಲ್ಲ ಮೇಡಂ, ಪದ್ಧತಿ, ಎಂದು ಅವರು ನಯವಾಗಿ ತಿಳಿಸಿ ಒಂದು ದಪ್ಪ ದಿಂಬು ಕಳುಹಿಸಿದರು. ಅದರ ಮೇಲೆ ಕೂತರೆ ಊಟದ ಮೇಜಿಗೆ ಎಟುಕದ ಮಗುವಿನ ಹಾಗೆ ಕಾಣುತ್ತೇನೆಂದು ಅವಳು ಅದನ್ನು ಬೆನ್ನಿಗೆ ಒತ್ತಿಕೊಂಡು, ತಗ್ಗಿನಲ್ಲೇ ಕೂತು, ಸುಮ್ಮನಾದಳು. ನೇಮಕ ಇನ್ನೂ ಖಾಯಂ ಆಗಿರಲಿಲ್ಲ. ಕುರ್ಚಿಯ ಎತ್ತರಕ್ಕೆ ಜಗಳವಾಡಿದವಳು ಎಂದು ಹೆಸರಾಗುವುದು ಬೇಡವಾಗಿತ್ತು.

ಅಮ್ಮ ಕಿಟಕಿಯ ಹತ್ತಿರ ಕುಳಿತು ಕಿವಿಯ ಮೆಷಿನ್ನಿಗೆ ಬ್ಯಾಟರಿ ಹಾಕುತ್ತಿದ್ದಳು. ಹಾಕಿ, ಕಿವಿಗೆ ಸಿಕ್ಕಿಸಿಕೊಂಡು, ಅದು ಕುಂಯ್ಯೆಂದ ಮೇಲೆ ಮುಖವೆತ್ತಿದಳು. ಜಗತ್ತು ದಿನವೂ ಅವಳಿಗೆ ಆ ಸದ್ದಿನಿಂದಲೇ ಶುರುವಾಗುವುದು. "ಇವತ್ತು ಆ ಕನ್ನಡಕದ ಅಂಗಡಿ ಕೇಸು ಅಲ್ವೇನೇ?" ಎಂದಳು. "ಹೂಂ." "ನೇಣು ಖಾಯಂ ಮಾಡ್ತೀರಾ?" "ಅಮ್ಮ, ಅದನ್ನೆಲ್ಲ ಮನೇಲಿ ಮಾತಾಡೋ ಹಾಗಿಲ್ಲ." "ಊರೆಲ್ಲ ಮಾತಾಡ್ತಿದೆ, ನಾನೊಬ್ಬಳು ಆಡಿದ್ರೆ ಕಾನೂನು ಮುರಿದುಹೋಗತ್ತಾ? ಇರ್ಲಿ ಬಿಡು. ಅವನು ಏನಂತಾನೆ?" "ಯಾರು?" "ಇನ್ಯಾರು. ಕೊಂದ ಅಂತಾರಲ್ಲ, ಅವನು." ಅವಳು ಉತ್ತರಿಸಲು ಬಾಯಿ ತೆರೆದಳು. ಸರ್ಕಾರಿ ವಕೀಲರು ಹೇಳಿದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಆರೋಪಿಯ ವಕೀಲರು ಹೇಳಿದ್ದೂ, ಕೆಳಗಿನ ಕೋರ್ಟಿನ ನ್ಯಾಯಾಧೀಶರು ಬರೆದದ್ದೂ, ಎದುರು ಅಂಗಡಿಯ ಔಷಧಿಯವನು ಕಂಡದ್ದೂ ನೆನಪಿತ್ತು. ಅವನು ಏನಂತಾನೆ ಎಂಬುದು ಮಾತ್ರ ಎಲ್ಲಿಯೂ ಸಿಗಲಿಲ್ಲ. ಹೊತ್ತಾಯಿತೆಂದು ಚೀಲ ಎತ್ತಿಕೊಂಡು ಹೊರಟಳು. "ಕೇಳ್ದೆ ಹೋದ್ಯಲ್ಲೇ" ಎಂದು ಅಮ್ಮ ಹಿಂದಿನಿಂದ ಹೇಳಿದ್ದು ತನ್ನ ಮಾತು ಕೇಳದ್ದಕ್ಕೋ ಅವನನ್ನು ಕೇಳದ್ದಕ್ಕೋ ತಿಳಿಯಲಿಲ್ಲ.

ಕಾರಿನಲ್ಲಿ ಅಪ್ಪನ ನೆನಪಾಯಿತು. ಅಪ್ಪ ಊಟಕ್ಕೆ ಕುಳಿತರೆ ದೇಶದ ಹಣಕಾಸಿನಿಂದ ಹಿಡಿದು ಪಕ್ಕದ ಮನೆಯವರ ನಡತೆಯವರೆಗೆ ಮಾತಾಡುತ್ತಿದ್ದರು. ಅಮ್ಮ ಎದುರಿಗೆ ಕುಳಿತು, ಸರಿಯಾದ ಜಾಗದಲ್ಲಿ ಹೂಂ ಎಂದು, ಸರಿಯಾದ ಜಾಗದಲ್ಲಿ ತಲೆದೂಗುತ್ತಿದ್ದಳು. ಬಂದವರೆಲ್ಲ ಎಂಥ ಹೊಂದಾಣಿಕೆ ಎಂದು ಹೊಗಳಿ ಹೋಗುತ್ತಿದ್ದರು. ಅಪ್ಪ ಹೋದ ಮೇಲೆ ಮೆಷಿನ್ನು ಕೊಡಿಸಿದಾಗ ಅಮ್ಮ ಕಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಆ ಮನುಷ್ಯರು ಆಡಿದ್ರಲ್ಲಿ ಅರ್ಧ ನಂಗೆ ಕೇಳಿಸ್ತಾನೇ ಇರ್ಲಿಲ್ಲ ಕಣೇ. ಕೇಳಿಸ್ಲಿಲ್ಲ ಅನ್ನೋಕೆ ನಾಚಿಕೆ. ಹೂಂ ಅಂದ್ರೆ ಮುಗೀತಲ್ಲ." ಅಂದು ಅದನ್ನು ಕೇಳಿ ಅವಳು ನಕ್ಕು ನಕ್ಕು ಸುಸ್ತಾಗಿದ್ದಳು. ಈಗ ಸಿಗ್ನಲ್ಲಿನ ಕೆಂಪು ದೀಪದ ಮುಂದೆ ಕುಳಿತು ಅದೇ ಮಾತು ನೆನೆದರೆ ನಗು ಬರಲಿಲ್ಲ. ಅಮ್ಮನಿಗಾದರೂ ಕಿವಿಯ ನೆವವಿತ್ತು.

ನ್ಯಾಯಾಧೀಶರ ಲಿಫ್ಟು ಕೆಟ್ಟಿತ್ತು. ಜವಾನ ಕ್ಷಮೆ ಕೇಳಿ ಹಿಂದಿನ ಮೆಟ್ಟಿಲು ತೋರಿಸಿದ. ಅವಳ ಮುಂದೆ ಒಂದು ತಿರುವಿನಷ್ಟು ಮೇಲೆ ಇಬ್ಬರು ಹುಡುಗಿಯರು, ಹೊಸ ವಕೀಲೆಯರು, ನಿಲುವಂಗಿಗಳನ್ನು ತೋಳಿನ ಮೇಲೆ ಹಾಕಿಕೊಂಡು ಹತ್ತುತ್ತಿದ್ದರು. "ನಿಂದು ಯಾವ ಪೀಠ?" "ದೊಡ್ಡೋರ್ದು. ಪಕ್ಕದಲ್ಲಿ ನಮ್ಮ ಹೂಂಗುಟ್ಟಮ್ಮ." ಇಬ್ಬರೂ ಕಿಸಕ್ಕನೆ ನಕ್ಕರು. ಅವಳ ಕಾಲು ಅಲ್ಲೇ ನಿಂತಿತು. ಕೆಮ್ಮಬಹುದಿತ್ತು, ಮುಂದೆ ಹೋಗಿ ಹೆಸರು ಕೇಳಬಹುದಿತ್ತು. ಅವರ ಮುಖ ಬಿಳಿಚಿಕೊಳ್ಳುವುದನ್ನು ನೋಡಿ ಒಂದು ದಿನದ ಮಟ್ಟಿಗೆ ಗೆಲ್ಲಬಹುದಿತ್ತು. ಅವಳು ಮಾಡಿದ್ದು ಬೇರೆ. ಅವರು ತಿರುಗಿ ನೋಡಿದರೆ ಕಾಣಬಾರದೆಂದು ಗೋಡೆಗೆ ಒತ್ತಿಕೊಂಡು, ಚಪ್ಪಲಿಯ ಸದ್ದಾಗದಂತೆ, ಅವರ ಮಾತು ಮೇಲಿನ ಓಣಿಯಲ್ಲಿ ಕರಗುವವರೆಗೆ ಕಾದಳು. ಕಿವಿಯವರೆಗೆ ಬಿಸಿಯಾಗಿತ್ತು. ಹೆಸರಿಟ್ಟವರ ಮೇಲೆ ಬಂದ ಸಿಟ್ಟಿಗಿಂತ, ಆ ಹೆಸರು ಇಷ್ಟು ಚೆನ್ನಾಗಿ ಒಪ್ಪುತ್ತದಲ್ಲ ಎಂಬ ಸಿಟ್ಟು ಹೆಚ್ಚಾಗಿತ್ತು.

ಕೋಣೆಗೆ ಬಂದು ಕಡತ ತೆಗೆದದ್ದು ಅಮ್ಮನಿಗೆ ಸಂಜೆ ಒಂದು ಉತ್ತರ ಬೇಕಲ್ಲ ಎಂದು, ಅಷ್ಟೇ. ಸಂಗತಿಯೇನೋ ಸರಳವಾಗಿತ್ತು. ಕನ್ನಡಕದ ಅಂಗಡಿಯ ಮುದುಕ ಯಜಮಾನರು ಮಧ್ಯಾಹ್ನ ಶಟರು ಅರ್ಧ ಇಳಿಸಿ ಒಳಗೆ ವಿಶ್ರಮಿಸುತ್ತಿದ್ದಾಗ ಯಾರೋ ನುಗ್ಗಿ, ಶಟರು ಎಳೆಯುವ ಕಬ್ಬಿಣದ ಕೊಕ್ಕೆಯಿಂದಲೇ ತಲೆಗೆ ಹೊಡೆದು, ಗಲ್ಲಾಪೆಟ್ಟಿಗೆ ಬರಿದು ಮಾಡಿಕೊಂಡು, ಕೈಗಡಿಯಾರ ಬಿಚ್ಚಿಕೊಂಡು ಹೋಗಿದ್ದರು. ಅದೇ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕಿದ್ದು, ಜಗಳವಾಡಿ ಬಿಟ್ಟುಹೋಗಿದ್ದ ಒಬ್ಬನನ್ನು ಹಿಡಿದರು. ಅವನು ಆ ಹೊತ್ತಿಗೆ ಬೀದಿಯಲ್ಲಿ ಹೋದದ್ದನ್ನು ಔಷಧಿ ಅಂಗಡಿಯವನು ನೋಡಿದ್ದ. ಅವನ ಪೆಟ್ಟಿಗೆಯಲ್ಲಿ ಮುದುಕರ ಗಡಿಯಾರ ಸಿಕ್ಕಿತು. ಅಷ್ಟರ ಮೇಲೆ ಕೆಳಗಿನ ಕೋರ್ಟು ನೇಣು ವಿಧಿಸಿತ್ತು. ಮೇಲಿನ ಕೋರ್ಟು ಖಾಯಂ ಮಾಡದೆ ನೇಣು ಹಾಕುವ ಹಾಗಿಲ್ಲವಾದ್ದರಿಂದ ಕಡತ ಇಲ್ಲಿಗೆ ಬಂದಿತ್ತು. ಖಾಯಂ ಆಗುವುದಕ್ಕೆ ಕಾದಿರುವವರು ಈ ಕಟ್ಟಡದಲ್ಲಿ ತಾನೊಬ್ಬಳೇ ಅಲ್ಲ ಎಂದು ಅವಳಿಗೆ ಅನ್ನಿಸಿ, ಆ ಹೋಲಿಕೆಗೆ ನಾಚಿಕೆಯಾಯಿತು.

ಸಾಕ್ಷಿಗಳೆಲ್ಲ ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯನ್ನು ಎದುರಿಗೆ ನಿಲ್ಲಿಸಿಕೊಂಡು, ನಿನ್ನ ವಿರುದ್ಧ ಇಂತಿಂಥದ್ದು ಬಂದಿದೆ, ಇದಕ್ಕೆ ಏನು ಹೇಳುತ್ತೀ ಎಂದು ಒಂದೊಂದನ್ನೂ ಕೇಳಬೇಕು. ಅದು ಕಾನೂನು. ಕೆಳಗಿನ ಕೋರ್ಟುಗಳಲ್ಲಿ ನಡೆಯುವುದೇನೆಂದು ಈ ಕಸುಬಿನವರಿಗೆಲ್ಲ ಗೊತ್ತು. ಟೈಪಿಸ್ಟು ಪ್ರಶ್ನೆಗಳನ್ನು ಹಿಂದಿನ ದಿನವೇ ಹಳೆಯ ಕೇಸೊಂದರ ಹಾಳೆ ನೋಡಿಕೊಂಡು ಟೈಪು ಮಾಡಿರುತ್ತಾನೆ. ಹೇಗೂ ಎಲ್ಲ ಆರೋಪಿಗಳೂ ಹೇಳುವುದು ಒಂದೇ ಮಾತು ಎಂದು ಪ್ರತಿ ಪ್ರಶ್ನೆಯ ಕೆಳಗೆ ಉತ್ತರವನ್ನೂ ತಾನೇ ಹೊಡೆದಿರುತ್ತಾನೆ: ಸುಳ್ಳು. ಆರೋಪಿ ಬಂದು ಕೊನೆಯಲ್ಲಿ ಸಹಿ ಹಾಕಿದರೆ ಹೊತ್ತು ಉಳಿಯುತ್ತದೆ. ಇಲ್ಲೂ ಹಾಗೆಯೇ ಇತ್ತು. ಔಷಧಿ ಅಂಗಡಿಯವನು ನಿನ್ನನ್ನು ನೋಡಿದೆನೆನ್ನುತ್ತಾನೆ, ಏನು ಹೇಳುತ್ತೀ? ಸುಳ್ಳು. ಯಜಮಾನರ ಜೊತೆ ಜಗಳವಾಗಿತ್ತೆನ್ನುತ್ತಾರೆ, ಏನು ಹೇಳುತ್ತೀ? ಸುಳ್ಳು. ನಿನ್ನ ಪರವಾಗಿ ಯಾರನ್ನಾದರೂ ಸಾಕ್ಷಿಗೆ ಕರೆಸುತ್ತೀಯಾ? ಸುಳ್ಳು. ಇನ್ನೇನಾದರೂ ಹೇಳುವುದಿದೆಯೇ? ಸುಳ್ಳು. ಅದರ ಕೆಳಗೆ, ಅಂಕುಡೊಂಕಾಗಿ, ಅವನ ಸಹಿ.

ಕೊನೆಯ ಆ ಎರಡು ಉತ್ತರಗಳನ್ನು ಓದಿ ಅವಳಿಗೆ ನಗು ಬಂತು. ಬಂದ ನಗು ಅಲ್ಲೇ ನಿಂತಿತು. ಹೇಳುವುದಿದೆಯೇ ಎಂದರೆ ಸುಳ್ಳು ಎನ್ನುವ ಮನುಷ್ಯ ಭೂಮಿಯ ಮೇಲಿಲ್ಲ. ಅವನ ಬಾಯಿಂದ ಬಂದ ಒಂದು ಅಕ್ಷರವೂ ಈ ಹಾಳೆಯಲ್ಲಿಲ್ಲ, ಅವನನ್ನು ಯಾರೂ ಕೇಳಿಯೇ ಇಲ್ಲ. ಅವಳು ಪ್ರಶ್ನೆಗಳನ್ನು ಮೊದಲಿನಿಂದ ಓದಿದಳು. ಗಡಿಯಾರದ ಪ್ರಶ್ನೆ ಇರಲಿಲ್ಲ. ಹಳೆಯ ಕೇಸಿನಲ್ಲಿ ಗಡಿಯಾರ ಇದ್ದಿರಲಾರದು, ಟೈಪಿಸ್ಟು ಬಿಟ್ಟಿದ್ದ, ನ್ಯಾಯಾಧೀಶರು ಓದದೆ ರುಜು ಮಾಡಿದ್ದರು. ತೀರ್ಪಿನಲ್ಲಿ ಮಾತ್ರ ಅದೇ ನ್ಯಾಯಾಧೀಶರು ಕೆಂಪು ಗೆರೆ ಎಳೆದು ಬರೆದಿದ್ದರು: ಮೃತರ ಗಡಿಯಾರ ತನ್ನ ಪೆಟ್ಟಿಗೆಗೆ ಹೇಗೆ ಬಂತೆಂಬುದಕ್ಕೆ ಆರೋಪಿಯು ಯಾವ ವಿವರಣೆಯನ್ನೂ ಕೊಡಲಿಲ್ಲ, ಅವನ ಈ ಮೌನವೇ ಅವನ ಅಪರಾಧಕ್ಕೆ ಕೊನೆಯ ಸಾಕ್ಷಿ. ಇದು ಗುಟ್ಟೇನಲ್ಲ. ಆರೋಪಿಯ ವಕೀಲರು, ಸರ್ಕಾರವೇ ನೇಮಿಸಿಕೊಟ್ಟ ಬಡಪಾಯಿ, ಇದನ್ನು ಹೇಳಿದ್ದರು ಕೂಡ. ಆದರೆ ಹತ್ತು ಹುರುಳಿಲ್ಲದ ಮಾತುಗಳ ಹಿಂದೆ, ಊಟದ ಹೊತ್ತಿಗೆ ಹೇಳಿದ್ದರು. ಹಿರಿಯರು ಕೈ ಬೀಸಿ, ತಾಂತ್ರಿಕ ದೋಷ, ಮುಂದಕ್ಕೆ ಹೋಗಿ, ಎಂದಿದ್ದರು. ಅವಳು ತಲೆಯಾಡಿಸಿದ್ದಳು. ಇವನು ಕೊಂದಿದ್ದರೂ ಕೊಂದಿರಬಹುದು. ಕೊಂದಿದ್ದಾನೆಂದೇ ಅವಳಿಗೆ ಅನ್ನಿಸುತ್ತಿತ್ತು. ಆದರೆ ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡಲಿಲ್ಲವೆಂದು ಒಬ್ಬನ ಕೊರಳಿಗೆ ಹಗ್ಗ ಹಾಕುತ್ತಾರೆಯೇ? ಅವಳಿಗೆ ಭಯವಾಯಿತು. ಕೈಯಿಟ್ಟು ನೋಡಿದರೆ ಕತ್ತಿನ ನರ ಹೊಡೆದುಕೊಳ್ಳುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಹಿರಿಯರ ಕೋಣೆಗೆ ಹೋಗುವುದು ವಾಡಿಕೆ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಮೊದಲ ದಿನ ತಮ್ಮ ಕಪಾಟಿನಿಂದ ಪುಸ್ತಕಗಳನ್ನು ಇಳಿಸಿ ಅವಳ ತೋಳು ತುಂಬ ಹೇರಿದ್ದರು, ಅವಳಿಗೆ ಜ್ವರ ಬಂದಾಗ ಮನೆಗೆ ಬಂದು ಅಮ್ಮನ ಜೊತೆ ಗಟ್ಟಿಯಾಗಿ ಕೂಗಿ ಮಾತಾಡಿ ಹೋಗಿದ್ದರು. ಈ ತಿಂಗಳು ನಿವೃತ್ತರಾಗುತ್ತಿದ್ದರು. "ಏನಮ್ಮ, ಕತ್ತಿಗೆ ಏನಾಯ್ತು?" ಎಂದರು. "ಹಿಡ್ಕೊಂಡಿದೆ ಸರ್." "ಬಿಸಿನೀರು ಶಾಖ ಕೊಡಿ. ಇವತ್ತು ಇದೊಂದು ಮುಗಿಸಿಬಿಟ್ರೆ ನಂಗೂ ಹಗುರ. ಅವನನ್ನ ಜೈಲಿಂದ ಕರೆಸಿದೀನಿ. ಗೊತ್ತಲ್ಲ, ನೇಣು ಅಂತ ಹೇಳೋದಾದ್ರೆ ಮುಖ ನೋಡಿ ಹೇಳ್ಬೇಕು, ಕಾಗದದಲ್ಲಿ ಕಳಿಸೋದು ಹೇಡಿತನ." ಅದು ಅವರ ಪದ್ಧತಿ. ಬೇರೆ ಯಾವ ಪೀಠದಲ್ಲೂ ಹೀಗೆ ಕರೆಸುತ್ತಿರಲಿಲ್ಲ. ಅವಳು ಚಮಚ ಕೆಳಗಿಟ್ಟಳು. "ಸರ್, ಆ ಪ್ರಶ್ನೆ ಹಾಳೆ ನೋಡಿದೆ. ಗಡಿಯಾರದ ವಿಷಯ ಅವನನ್ನ ಕೇಳೇ ಇಲ್ಲ." "ಹನ್ನೊಂದನೇ ಪಾಯಿಂಟಾ? ಅದೇ, ಎಲ್ಲದಕ್ಕೂ ಸುಳ್ಳು ಅಂದಿದಾನಲ್ಲ" ಎಂದು ಅವರು ಕರವಸ್ತ್ರದಿಂದ ಮೀಸೆ ಒರೆಸಿಕೊಂಡರು. "ಹೇಳೋದಿದೆಯಾ ಅಂದ್ರೂ ಸುಳ್ಳು ಅಂತೆ. ನೋಡಿ, ಅದೊಂದು ಮಾತ್ರ ನಿಜ ಹೇಳಿದಾನೆ." ಅವರು ನಕ್ಕರು. ಅವಳೂ ನಕ್ಕಳು. ತಾನು ನಗುವುದು ತನಗೇ ಕೇಳಿಸಿತು, ಹುಡುಗಿಯರು ಮೆಟ್ಟಿಲಲ್ಲಿ ನಕ್ಕ ಹಾಗೆ, ಕಿಸಕ್ಕನೆ.

ಆಮೇಲೆ ಹಿರಿಯರು ದನಿ ತಗ್ಗಿಸಿ, ಅವಳ ನೇಮಕದ ಫೈಲು ಬಂದಿದೆ, ನಾನು ಹೇಳಬೇಕಾದ್ದು ಹೇಳಿದ್ದೇನೆ, ಹೋಗುವ ಮೊದಲು ಅದೊಂದನ್ನು ನೋಡಿಯೇ ಹೋಗುತ್ತೇನೆ ಎಂದರು. ಅದರಲ್ಲಿ ಬೆದರಿಕೆಯಿರಲಿಲ್ಲ, ಬರೀ ವಾತ್ಸಲ್ಯವಿತ್ತು. ಬೆದರಿಕೆಗಾದರೆ ಮುಖ ತಿರುಗಿಸಬಹುದು. ವಾತ್ಸಲ್ಯಕ್ಕೆ ಏನು ಮಾಡುವುದು? ಥ್ಯಾಂಕ್ಸ್ ಸರ್ ಎಂದಳು. ಖಾಯಂ ಆಗೋವರೆಗೆ ಬಾಯಿಗೆ ಬೀಗ ಹಾಕ್ಕೊಂಡಿರು, ಆಮೇಲೆ ಬೇಕಾದ್ದು ಬರೆ ಎಂದು ಗಂಡ ಎಷ್ಟು ಸಲ ಹೇಳಿಲ್ಲ. ಆಮೇಲೆ, ಆಮೇಲೆ. ಆ ಗಾಜು ಉಜ್ಜುವವನಿಗೆ ಆಮೇಲೆ ಎಂಬುದು ಇವತ್ತು ಮಧ್ಯಾಹ್ನದವರೆಗೆ ಮಾತ್ರ ಇತ್ತು. ಕೈತೊಳೆಯುವ ಬೋಗುಣಿಯ ಮೇಲಿನ ಕನ್ನಡಿಯಲ್ಲಿ ಅವಳ ಮುಖದ ಮೇಲೆ ಆ ನಗು ಇನ್ನೂ ಸ್ವಲ್ಪ ಉಳಿದಿತ್ತು. ಅದನ್ನು ನೀರಿನಿಂದ ಒರೆಸಿ ತೆಗೆದಳು. ತನ್ನ ಬಗ್ಗೆ ಅಷ್ಟು ಅಸಹ್ಯ ಅವಳಿಗೆ ಯಾವತ್ತೂ ಆಗಿರಲಿಲ್ಲ. ಆ ಅಸಹ್ಯದ ತಳದಲ್ಲಿ ಒಂದು ಹಟ ಹುಟ್ಟುತ್ತಿತ್ತು. ಸರಿ, ಇವತ್ತು ತಲೆಯಾಡಿಸುವುದಿಲ್ಲ, ಅಷ್ಟೇ ತಾನೇ ನಾನು ಮಾಡಬೇಕಾದ್ದು ಎಂದುಕೊಂಡಳು.

ಕೋರ್ಟು ಕಿಕ್ಕಿರಿದಿತ್ತು. ಜವಾನ ಹಿರಿಯರ ಕುರ್ಚಿ ಎಳೆದ, ಅವಳ ಕುರ್ಚಿಯನ್ನು ಅವಳೇ ಎಳೆದುಕೊಂಡಳು. ಮುಂದಿನ ಬೆಂಚಿನಲ್ಲಿ ಸತ್ತ ಯಜಮಾನರ ಮಗಳು ಕುಳಿತಿದ್ದಳು. ವಾದ ನಡೆದ ದಿನಗಳಲ್ಲೆಲ್ಲ ಒಂದೇ ಜಾಗದಲ್ಲಿ, ದಪ್ಪ ಕಪ್ಪು ಚೌಕಟ್ಟಿನ ಕನ್ನಡಕ ಹಾಕಿಕೊಂಡು, ನೀಟಾಗಿ ಕೂತಿರುತ್ತಿದ್ದಳು. ಅದನ್ನು ಅಪ್ಪನೇ ಮಾಡಿಕೊಟ್ಟದ್ದೆಂದು ಸಾಕ್ಷಿ ಹೇಳುವಾಗ ಹೇಳಿದ್ದಳು. ಎಡಗಡೆಯ ಕಟಕಟೆಯಲ್ಲಿ ಇಬ್ಬರು ಪೊಲೀಸರ ನಡುವೆ ಅವನು ನಿಂತಿದ್ದ. ಕಡತದಲ್ಲಿ ಓದಿದಾಗ ದೊಡ್ಡ ಆಳಾಗಿ ಕಂಡಿದ್ದವನು ಇಲ್ಲಿ ಭುಜ ಇಳಿಬಿಟ್ಟ ಸಣ್ಣ ಮನುಷ್ಯ. ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದ. ಅವನು ಯಾರನ್ನೂ ನೋಡುತ್ತಿರಲಿಲ್ಲ. ತನಗೆ ಸಂಬಂಧಪಡದ ಯಾವುದೋ ಸಭೆಗೆ ತಪ್ಪಿ ಬಂದವನ ಹಾಗೆ ಕಿಟಕಿಯಾಚೆ ನೋಡುತ್ತಿದ್ದ.

ಹಿರಿಯರು ಬರೆಸತೊಡಗಿದರು. ಅವರ ಭಾಷೆ ಚೆಂದ. ಎಲ್ಲೂ ತಡವರಿಸದೆ, ಮುದುಕರ ಅಂಗಡಿಯನ್ನೂ, ಅರ್ಧ ಇಳಿದ ಶಟರನ್ನೂ, ಕೊಕ್ಕೆಯನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿದರು. ಮಗಳು ಬಾಯಿಗೆ ಕೈಯಿಟ್ಟುಕೊಂಡಳು. ಮೌನದ ಮಾತು ಬಂತು. ಆರೋಪಿಯು ವಿವರಿಸಲಿಲ್ಲ ಎಂಬ ಸಾಲು ಬಂತು, ಹೋಯಿತು. ಸ್ಟೆನೋನ ಬೆರಳುಗಳು ಓಡುತ್ತಲೇ ಇದ್ದವು. "ಆದ್ದರಿಂದ ಕೆಳಗಿನ ನ್ಯಾಯಾಲಯ ವಿಧಿಸಿದ ಮರಣದಂಡನೆಯನ್ನು" ಎಂದು ಹಿರಿಯರು ನಿಲ್ಲಿಸಿ, ಅವಳ ಕಡೆ ವಾಲಿ, "ಖಾಯಂ, ಅಲ್ವಾ?" ಎಂದು ಪಿಸುಗುಟ್ಟಿದರು. ಅವರ ಉಸಿರಿನಲ್ಲಿ ಸೋಂಪಿನ ವಾಸನೆಯಿತ್ತು. ಅವಳು ಅಲುಗಾಡಲಿಲ್ಲ. ಕತ್ತನ್ನು ಕಲ್ಲು ಮಾಡಿಕೊಂಡು ಎದುರಿನ ಗೋಡೆ ನೋಡುತ್ತ ಕುಳಿತಳು. ಒಂದು ಗಳಿಗೆ, ಇನ್ನೊಂದು ಗಳಿಗೆ. ಹಿರಿಯರ ಮುಖದಲ್ಲಿ ಮೊದಲು ಆಶ್ಚರ್ಯ ಕಂಡಿತು, ಮರುಕ್ಷಣ ಮರುಕ. "ಓ, ಕತ್ತು" ಎಂದರು. "ಪಾಪ, ಆಡಿಸ್ಬೇಡಿ, ಆಡಿಸ್ಬೇಡಿ. ಒಪ್ಪಿಗೆ ಅಂತ ತಿಳ್ಕೋತೀನಿ." ಅಷ್ಟು ಹೇಳಿ ಸ್ಟೆನೋ ಕಡೆ ತಿರುಗಿದರು.

ತಲೆಯಾಡಿಸದಿದ್ದರೂ ಆಡಿಸಿದ ಹಾಗೆಯೇ ಲೆಕ್ಕವಾಗಿತ್ತು. ಸುಮ್ಮನಿದ್ದವಳ ಬಾಯಲ್ಲೂ ಒಂದು ಉತ್ತರ ಆಗಲೇ ತಯಾರಾಗಿತ್ತು, ಅವಳು ಸಹಿ ಹಾಕಿದರೆ ಮುಗಿಯಿತು. ಅದು ಅವಳಿಗೆ ಎಷ್ಟು ನಿಚ್ಚಳವಾಗಿ ಹೊಳೆಯಿತೆಂದರೆ, ಕಟಕಟೆಯಲ್ಲಿ ಬೆರಳು ಉಜ್ಜುತ್ತ ನಿಂತವನ ಪಕ್ಕದಲ್ಲೇ ತಾನೂ ನಿಂತಿದ್ದೇನೆ ಎನ್ನಿಸಿತು. ಅವಳ ಮುಂದೆ ಒಂದು ಮೈಕು ಇತ್ತು. ವರ್ಷದಿಂದ ಯಾರೂ ಮುಟ್ಟದೆ ಅದರ ಕತ್ತಿನ ಮೇಲೆ ಧೂಳು ಕೂತಿತ್ತು. ಗುಂಡಿ ಒತ್ತಿದಳು. ಅದು ಕುಂಯ್ಯೆಂದು ಅರಚಿಕೊಂಡಿತು, ಅಮ್ಮನ ಮೆಷಿನ್ನಿನ ಹಾಗೇ, ಆದರೆ ಇಡೀ ಕೋರ್ಟಿಗೆ ಕೇಳಿಸುವಂತೆ. ಜವಾನ ಓಡಿಬಂದ. ಅವಳು ಅವನಿಗೆ ಕೈ ಅಡ್ಡ ಹಿಡಿದು, "ಇಲ್ಲ" ಎಂದಳು.

ಆ ಒಂದು ಮಾತು ನಾಲ್ಕೂ ಮೂಲೆಯ ಸ್ಪೀಕರುಗಳಿಂದ ಹೊರಬಿತ್ತು. ತನ್ನ ದನಿ ಇಷ್ಟು ದಪ್ಪವಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. "ಕತ್ತು ನೋವಿಂದ ಅಲ್ಲ ಸರ್. ನಂಗೆ ಒಪ್ಪಿಗೆ ಇಲ್ಲ." ಹಿರಿಯರು ತಮ್ಮ ಮೈಕನ್ನು ಅಂಗೈಯಿಂದ ಮುಚ್ಚಿ, "ಇದನ್ನ ಒಳಗೆ ಮಾತಾಡೋಣಮ್ಮ" ಎಂದರು. "ಒಳಗೆ ಮಾತಾಡಿದೆ ಸರ್. ನಕ್ಕುಬಿಟ್ವಿ." ಅವರ ಮುಖ ಕೆಂಪಾಯಿತು. "ನೀವು ಒಪ್ಪದೆ ಹೋದ್ರೆ ಇದು ಮೂರನೇ ಜಡ್ಜ್ ಹತ್ರ ಹೋಗತ್ತೆ. ವರ್ಷಗಟ್ಲೆ ಆಗತ್ತೆ. ಗೊತ್ತಲ್ಲ?" "ಹೋಗ್ಲಿ ಸರ್." "ನಿಮಗೂ ಒಳ್ಳೇದಲ್ಲ" ಎಂದು ಅವರು ಇನ್ನೂ ಮೆಲ್ಲಗೆ ಹೇಳಿದರು. ಅದರಲ್ಲಿ ಈಗಲೂ ವಾತ್ಸಲ್ಯವೇ ಇತ್ತು, ಅದಕ್ಕೇ ಅವಳ ಕಣ್ಣು ಒದ್ದೆಯಾಯಿತು. "ಅದೂ ಗೊತ್ತು" ಎಂದಳು. ಆ ಇಬ್ಬರು ಹುಡುಗಿಯರು ಹಿಂದಿನ ಸಾಲಿನಲ್ಲಿ ನಿಂತಿರುವುದು ಕಂಡಿತು. ಅವರನ್ನು ನೋಡಿ ಒಂದು ಸಣ್ಣ ತೃಪ್ತಿಯಾಯಿತು. ಈ ಹೊತ್ತಿನಲ್ಲೂ ಇಂಥ ತೃಪ್ತಿಗೆ ಜಾಗ ಇದೆಯಲ್ಲ ಎಂದು ತನ್ನನ್ನೇ ಬೈದುಕೊಂಡಳು.

"ಅವನನ್ನ ಕರೆಸಿದೀರಿ ಸರ್, ಮುಖ ನೋಡಿ ಹೇಳ್ಬೇಕು ಅಂತ. ಅದು ದೊಡ್ಡ ಮಾತು. ಹೇಳೋಕೆ ಮುಂಚೆ ಒಂದು ಪ್ರಶ್ನೆ ಕೇಳ್ತೀನಿ. ಅವನನ್ನ ಇದುವರೆಗೂ ಯಾರೂ ಕೇಳಿಲ್ಲ." ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪದ್ಧತಿಯಲ್ಲ ಎಂದರು. ಪದ್ಧತಿಯಲ್ಲ ಅಂತ ಗೊತ್ತು ಎಂದಳು. ಸರ್ಕಾರಿ ವಕೀಲರು ಎದ್ದುನಿಂತರು. ಆದರೆ ಅವರಿಗಿಂತ ಮೊದಲು ಮುಂದಿನ ಬೆಂಚಿನಿಂದ ಮಗಳು ಎದ್ದಿದ್ದಳು. ಮಹಿಳಾ ಪೊಲೀಸೊಬ್ಬಳು ಭುಜ ಹಿಡಿದು ಕೂರಿಸಲು ನೋಡಿದಳು, ಅವಳು ಕೊಡವಿಕೊಂಡಳು. "ನಮ್ಮಪ್ಪನ್ನ ಯಾರು ಕೇಳಿದ್ರು ಅಮ್ಮ?" ಎಂದಳು. ಕೂಗಲಿಲ್ಲ, ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ಬೆಲೆ ಹೇಳುವಷ್ಟೇ ಮೆಲ್ಲಗೆ ಹೇಳಿದಳು. "ಏನಾದ್ರೂ ಹೇಳೋದಿದೆಯಾ ಅಂತ ಅವರನ್ನ ಯಾರು ಕೇಳಿದ್ರು?"

ಈ ಪ್ರಶ್ನೆ ಕಾನೂನಿನ ಯಾವ ಪುಸ್ತಕದಲ್ಲೂ ಇರಲಿಲ್ಲ, ಹಿರಿಯರು ತೋಳು ತುಂಬ ಹೇರಿದ್ದ ಪುಸ್ತಕಗಳಲ್ಲೂ ಇರಲಿಲ್ಲ. ಮೈಕಿನ ಕೆಂಪು ದೀಪ ಉರಿಯುತ್ತಿತ್ತು. ಅವಳು ಅದನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ಯಾರೂ ಕೇಳ್ಲಿಲ್ಲಮ್ಮ" ಎಂದಳು. "ಕೇಳ್ದೇನೇ ಕೊಂದ್ರು. ಅದನ್ನೇ ಇನ್ನೊಂದು ಸಲ ಮಾಡೋಕೆ ನನ್ನ ಕೈಲಿ ಆಗಲ್ಲ. ನಿಮ್ಮ ಮುಂದೆಯೇ ಕೇಳ್ತೀನಿ. ಅವನು ಹೇಳೋದು ಸುಳ್ಳಾಗಿದ್ರೆ ನಿಮಗೆ ನಮಗಿಂತ ಮುಂಚೆ ತಿಳಿಯುತ್ತೆ." ಮಗಳು ನಿಂತೇ ಇದ್ದಳು. ಕ್ಷಮಿಸಿದ ಮುಖವಲ್ಲ ಅದು, ಎಂದೂ ಕ್ಷಮಿಸಲಾರದ ಮುಖ. ಆ ಮುಖವನ್ನು ಹೊತ್ತುಕೊಂಡೇ ಇನ್ನು ಮುಂದೆ ಇರಬೇಕಾಗುತ್ತದೆ ಎಂದು ಅವಳಿಗೆ ಗೊತ್ತಾಯಿತು. ಇರುತ್ತೇನೆ ಎಂದುಕೊಂಡಳು. ಹಿರಿಯರು ಬೆನ್ನನ್ನು ಕುರ್ಚಿಗೆ ಆನಿಸಿ, ಬಹಳ ದಣಿದವರಂತೆ, "ಕೇಳಿ. ನೀವೂ ಪೀಠದಲ್ಲೇ ಕೂತಿದೀರಲ್ಲ" ಎಂದರು.

ಅವಳು ಬೆನ್ನ ಹಿಂದಿನ ದಿಂಬನ್ನು ತೆಗೆದು ಕುರ್ಚಿಯ ಮೇಲಿಟ್ಟು, ಅದರ ಮೇಲೆ ಕೂತಳು. ಮಗುವಿನ ಹಾಗೆ ಕಂಡರೂ ಸರಿ, ಅವನ ಮುಖ ಕಾಣಬೇಕಾಗಿತ್ತು. ಆಮೇಲೆ ಕಟಕಟೆಯ ಕಡೆ ತಿರುಗಿದಳು. ಈ ಕೋರ್ಟಿನಲ್ಲಿ ಅವಳು ಎಡಕ್ಕೆ ತಿರುಗಿದ್ದೇ ಕಡಿಮೆ. ಕತ್ತು ಆ ಕಡೆಗೆ ಅಷ್ಟೇನೂ ನೋಯಲಿಲ್ಲ. "ಸತ್ತುಹೋದ ಯಜಮಾನರ ಗಡಿಯಾರ ನಿಮ್ಮ ಪೆಟ್ಟಿಗೇಲಿ ಸಿಕ್ತು ಅಂತ ಪೊಲೀಸರು ಹೇಳಿದಾರೆ" ಎಂದಳು. "ಅದು ನಿಮ್ಮ ಹತ್ರ ಹೇಗೆ ಬಂತು?"

ಅವನು ಕಿಟಕಿಯಿಂದ ಮುಖ ತಿರುಗಿಸಿದ. ಅವಳನ್ನು ನೋಡಿದ. ಆಮೇಲೆ ಹಿಂದಕ್ಕೆ ತಿರುಗಿ, ತನ್ನ ಬೆನ್ನ ಹಿಂದೆ ಯಾರು ನಿಂತಿದ್ದಾರೆಂದು ನೋಡಿದ. ಅಲ್ಲಿ ಗೋಡೆಯಿತ್ತು. ಪೊಲೀಸಿನವನು ಮೊಣಕೈಯಿಂದ ತಿವಿದು, ನಿನ್ನನ್ನೇ ಎಂದ. "ನನ್ನನ್ನಾ?" ಎಂದು ಅವನು ಪೊಲೀಸಿನವನನ್ನೇ ಕೇಳಿದ. ಇಷ್ಟು ದಿನಗಳ ಕೋರ್ಟು, ಇಷ್ಟು ದಪ್ಪದ ಕಡತ, ಅದರಲ್ಲೆಲ್ಲೂ ಇಲ್ಲದ ಆ ದನಿ ಹೀಗಿದೆ ಎಂದು ಅವಳಿಗೆ ಈಗ ತಿಳಿಯಿತು. ಸ್ವಲ್ಪ ಒಡಕು, ಸ್ವಲ್ಪ ಅನುಮಾನ. "ಹೌದು, ನಿಮ್ಮನ್ನೇ" ಎಂದಳು. ಕೆಳಗಿನಿಂದ ಟಕಟಕ ಸದ್ದು ಬಂತು. ಸ್ಟೆನೋ ಒಂದು ಪುಟ್ಟ ಪದವನ್ನು ಹೊಡೆದು, ಮುಂದಿನ ಸಾಲಿಗೆ ಕೈ ಸಿದ್ಧಮಾಡಿಕೊಂಡು ಕುಳಿತಿದ್ದ.

"ಏನು ಬರೆದ್ರಿ?" ಎಂದಳು. ಸ್ಟೆನೋ ತಲೆಯೆತ್ತಿ, ಹಿರಿಯರ ಕಡೆ ನೋಡಿ, ಅವಳ ಕಡೆ ನೋಡಿ, ಕಿವಿಯವರೆಗೆ ಕೆಂಪಾದ. ಯಾರೂ ನಗಲಿಲ್ಲ. "ಅವರಿನ್ನೂ ಬಾಯೇ ತೆಗೆದಿಲ್ಲ. ಆ ಸುಳ್ಳನ್ನ ಅಳಿಸಿ" ಎಂದಳು. "ಅವರು ಹೇಳ್ಲಿ. ಆಮೇಲೆ ಬರೀರಿ."

ಅಳಿಸುವ ಸದ್ದು, ಒಂದೊಂದೇ ಅಕ್ಷರ, ಎಲ್ಲರಿಗೂ ಕೇಳಿಸಿತು. ಮಗಳು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಬೆಂಚಿನ ಅಂಚಿಗೆ ಬಂದು ಕುಳಿತಳು. ಅವನು ಬೆರಳು ಉಜ್ಜುವುದನ್ನು ನಿಲ್ಲಿಸಿ ಎರಡೂ ಕೈಯಲ್ಲಿ ಕಟಕಟೆಯ ಕಂಬಿ ಹಿಡಿದುಕೊಂಡ.

"ಅದು ಹೇಳ್ಬೇಕಂದ್ರೆ" ಎಂದ ಅವನು, "ಸ್ವಲ್ಪ ಹೊತ್ತಾಗುತ್ತೆ."

"ಆಗ್ಲಿ" ಎಂದು ಅವಳು ಪೆನ್ನು ಕೈಗೆತ್ತಿಕೊಂಡಳು. "ಹೇಳಿ."